ಎತ್ತರಕ್ಕೆ ಏರಿದಷ್ಟೂ ಕೈಯಾರೆ ಕಟ್ಟಿದ ವಿಮಾನದ ವೇಗ ಹೆಚ್ಚುತ್ತದೆಯೇ?

ಪ್ರಶ್ನೆ: ಮೇಲೆ ಹೋದಂತೆ ಗಾಳಿ ತೆಳುವಾಗಿ ಎಂಜಿನ್ನಿನ ಶಕ್ತಿ ಕುಂದುತ್ತದೆ ಎಂದು ಓದಿದ್ದೇನೆ. ಆದರೆ ಅಮೆರಿಕದಲ್ಲಿ ಸ್ವಂತ ವಿಮಾನ ಕಟ್ಟಿಕೊಂಡು ಹಾರಿಸುವವರು, ದೂರದ ಪ್ರಯಾಣದಲ್ಲಿ ಎತ್ತರಕ್ಕೆ ಏರಿದರೆ ವೇಗವೂ ಹೆಚ್ಚು, ಇಂಧನವೂ ಉಳಿತಾಯ ಎನ್ನುತ್ತಾರೆ. ಎರಡೂ ಹೇಗೆ ನಿಜವಾಗಲು ಸಾಧ್ಯ?

ಉತ್ತರ: ಎರಡೂ ನಿಜ. ‘ವೇಗ ಹೆಚ್ಚು’ ಎನ್ನುವಾಗ ಯಾವುದಕ್ಕಿಂತ ಹೆಚ್ಚು ಎಂಬುದನ್ನು ಹೇಳದೆ ಬಿಡುವುದರಿಂದ ಗೊಂದಲ ಹುಟ್ಟುತ್ತದೆ. ಎಂಜಿನ್ನಿನಿಂದ ಅಷ್ಟೇ ಶಕ್ತಿಯನ್ನು ಪಡೆಯುತ್ತ ಮೇಲೇರಿದರೆ ವೇಗ ಹೆಚ್ಚುತ್ತದೆ. ಥ್ರಾಟಲನ್ನು (ಎಂಜಿನ್ನಿಗೆ ಹೋಗುವ ಗಾಳಿಯ ಕವಾಟವನ್ನು) ಪೂರ್ತಿ ತೆರೆದಿಟ್ಟು ಮೇಲೇರಿದರೆ, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಎಂಜಿನ್ನಿನಲ್ಲಿ, ಗರಿಷ್ಠ ವೇಗ ಇಳಿಯುತ್ತದೆ. ಆದರೆ ಇಳಿಯುವ ಪ್ರಮಾಣ ಅಚ್ಚರಿಯಾಗುವಷ್ಟು ಕಡಿಮೆ.

ಲೆಕ್ಕ ಹಾಕಿ ನೋಡೋಣ. ಅಮೆರಿಕದ ಆರಿಗನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿ ಕಿಟ್ ರೂಪದಲ್ಲಿ ಮಾರುವ, ಹತ್ತು ಸಾವಿರಕ್ಕೂ ಹೆಚ್ಚು ಮಂದಿ ಕಟ್ಟಿ ಮುಗಿಸಿ ಹಾರಿಸಿರುವ ಆರ್‌ವಿ ಸರಣಿಯ ಒಂದು ವಿಮಾನವನ್ನು ತೆಗೆದುಕೊಳ್ಳಿ. ಅದರ ಮೂತಿಯಲ್ಲಿ 180 ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್ ಇದೆ ಎಂದುಕೊಳ್ಳಿ. ಪ್ರಮಾಣಿತ ವಾತಾವರಣದಲ್ಲಿ (ಲೆಕ್ಕಕ್ಕಾಗಿ ಎಲ್ಲರೂ ಒಪ್ಪಿಕೊಂಡ ಸರಾಸರಿ ವಾತಾವರಣದಲ್ಲಿ) 8,000 ಅಡಿ ಎತ್ತರದ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಸಾಂದ್ರತೆಯ ಶೇ 79ರಷ್ಟು. ಎಂಜಿನ್ ಸೇದಿಕೊಳ್ಳುವ ಗಾಳಿಯ ತೂಕ ಅಷ್ಟು ಕಡಿಮೆಯಾಗುತ್ತದೆ. ಒಳಗಿನ ಘರ್ಷಣೆ ಮಾತ್ರ ಹೆಚ್ಚೇನೂ ಕಡಿಮೆಯಾಗದ ಕಾರಣ ಹೊರಬರುವ ಶಕ್ತಿ ಇನ್ನೂ ಸ್ವಲ್ಪ ಹೆಚ್ಚೇ ಕುಸಿದು ಶೇ 76ರ ಆಸುಪಾಸಿಗೆ, ಅಂದರೆ ಸುಮಾರು 136 ಅಶ್ವಶಕ್ತಿಗೆ ಬರುತ್ತದೆ. ಹಾಗೆಯೇ ವಿಮಾನವನ್ನು ಹಿಂದಕ್ಕೆಳೆಯುವ ಗಾಳಿಯೂ ತೆಳುವಾಗಿದೆ. ವೇಗದ ಹಾರಾಟದಲ್ಲಿ ಬೇಕಾಗುವ ಶಕ್ತಿ ಹೆಚ್ಚುಕಡಿಮೆ ಸಾಂದ್ರತೆ ಮತ್ತು ವೇಗದ ಘನ, ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುವುದರಿಂದ, 0.76ನ್ನು 0.79ರಿಂದ ಭಾಗಿಸಿ ಘನಮೂಲ ತೆಗೆದರೆ ಉತ್ತರ ಸುಮಾರು 0.99. ಕಾಲು ಭಾಗ ಶಕ್ತಿ ಹೋದರೂ ಹೋದ ವೇಗ ಶೇ 1ರಷ್ಟು ಮಾತ್ರ, ಇಂಧನದ ಖರ್ಚೋ ಶಕ್ತಿಯ ಜೊತೆಜೊತೆಗೇ ಇಳಿದಿರುತ್ತದೆ. ಇನ್ನು ಅದೇ 136 ಅಶ್ವಶಕ್ತಿಯನ್ನು ಸಮುದ್ರಮಟ್ಟದಲ್ಲಿ ಬಳಸಿ ಹಾರಿದ್ದರೆ ಸಿಗುತ್ತಿದ್ದ ವೇಗಕ್ಕೆ ಹೋಲಿಸಿದರೆ, 8,000 ಅಡಿಯಲ್ಲಿ ಶೇ 8ರಷ್ಟು ಲಾಭವಿದೆ. ನೀವು ಕೇಳಿದ ಮಾತು ಈ ಎರಡನೆಯ ಹೋಲಿಕೆಯದು.

ದೀರ್ಘ ಪ್ರಯಾಣಕ್ಕೆ ಶೇ 75ರ ಶಕ್ತಿಯನ್ನು ಮೇಲ್ಮಿತಿಯಾಗಿ ಇಟ್ಟುಕೊಳ್ಳುವುದು ಈ ಎಂಜಿನ್ನುಗಳ ವಾಡಿಕೆಯಾಗಿದ್ದು, ಪೂರ್ತಿ ತೆರೆದ ಥ್ರಾಟಲಿನಲ್ಲಿ ಆ ಶಕ್ತಿ ತಾನಾಗಿ ಸಿಗುವ ಎತ್ತರ 8,000 ಅಡಿಯ ಹತ್ತಿರವೇ ಇರುವುದರಿಂದ, ಸಣ್ಣ ವಿಮಾನಗಳ ಜಾಹೀರಾತುಗಳಲ್ಲಿ ಪ್ರಯಾಣದ ವೇಗವನ್ನು ಸಾಮಾನ್ಯವಾಗಿ ಆ ಎತ್ತರದಲ್ಲೇ ಅಳೆದು ಹೇಳುತ್ತಾರೆ. ಅದಕ್ಕಿಂತ ಮೇಲೆ ಹೋದರೆ ಸಿಗುವುದು ಮುಖ್ಯವಾಗಿ ಇಂಧನದ ಉಳಿತಾಯ, ವೇಗವಲ್ಲ. ಏರುವಾಗ ಮಿಶ್ರಣದಲ್ಲಿ ಪೆಟ್ರೋಲಿನ ಅಂಶವನ್ನು ಪೈಲಟ್ ಕೈಯಾರೆ ಕಡಿಮೆ ಮಾಡುತ್ತ ಹೋಗಬೇಕು, ಇಲ್ಲದಿದ್ದರೆ ಆ ಉಳಿತಾಯವೂ ಹೊಗೆಯಾಗಿ ಹೋಗುತ್ತದೆ. ಪ್ರೊಪೆಲರಿನ ಅಲಗುಗಳ ಕೋನ ಬದಲಾಗದ ವಿಮಾನದಲ್ಲಿ ಮೇಲಿನ ಲೆಕ್ಕ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲ.

12,000 ಅಡಿಯಾಚೆಗೆ ನಮ್ಮ ಸರಳ ಸೂತ್ರ ಸಡಿಲವಾಗತೊಡಗುತ್ತದೆ. ತೆಳು ಗಾಳಿಯಲ್ಲಿ ಅದೇ ತೂಕವನ್ನು ಹೊರಲು ರೆಕ್ಕೆ ಹೆಚ್ಚು ಕೋನದಲ್ಲಿ ಗಾಳಿಯನ್ನು ಎದುರಿಸಬೇಕು. ಹಾಗೆ ಎತ್ತುವ ಕೆಲಸದಿಂದಲೇ ಹುಟ್ಟುವ ಎಳೆತ ಈಗ ಲೆಕ್ಕಕ್ಕೆ ಬರುತ್ತದೆ. ಅದನ್ನು ಕಡಿಮೆ ಮಾಡುವುದು ಉದ್ದವಾದ ರೆಕ್ಕೆ ಮತ್ತು ಹಗುರವಾದ ಮೈ. ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ವಿನ್ಯಾಸಗೊಳಿಸಿದ, 1979ರಲ್ಲಿ ಮೊದಲು ಹಾರಿದ, ಕೈಯಾರೆ ಕಟ್ಟುವ ಲಾಂಗ್-ಈಝೀ ವಿಮಾನ ಎತ್ತರದಲ್ಲಿ ಚೆನ್ನಾಗಿ ನಡೆದುಕೊಳ್ಳುವುದಕ್ಕೆ ಅದರ ಸಪೂರ ರೆಕ್ಕೆಯೂ ಕಡಿಮೆ ತೂಕವೂ ಮುಖ್ಯ ಕಾರಣ. ಹಾರುತ್ತಿರಲು ಬೇಕಾದ ಕನಿಷ್ಠ ಶಕ್ತಿಯೂ ಎಂಜಿನ್ ಕೊಡಬಲ್ಲ ಗರಿಷ್ಠ ಶಕ್ತಿಯೂ ಸಮವಾಗುವ ಎತ್ತರವೇ ವಿಮಾನದ ಪರಮಾವಧಿ. ಅದಕ್ಕೂ ಸ್ವಲ್ಪ ಮೊದಲೇ, ಏರುವ ವೇಗ ನಿಮಿಷಕ್ಕೆ 100 ಅಡಿಗೆ ಇಳಿದಲ್ಲಿ, ಬಳಕೆಯ ಮಿತಿ ಎಂದು ಗೆರೆ ಎಳೆಯುತ್ತಾರೆ.

ಇಲ್ಲಿ ಎತ್ತರವೆಂದರೆ ಭೂಪಟದ ಎತ್ತರವಲ್ಲ ಎಂಬುದನ್ನು ಒತ್ತಿ ಹೇಳಬೇಕು. ಬಿಸಿಯೂ ಗಾಳಿಯನ್ನು ತೆಳುಗೊಳಿಸುತ್ತದೆ. ಪ್ರಮಾಣಿತ ಉಷ್ಣತೆಗಿಂತ ಹೆಚ್ಚಾದ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 120 ಅಡಿ ಕೂಡಿಸಿದರೆ ಸಿಗುವುದು ಸಾಂದ್ರತೆಯ ಎತ್ತರ. ವಿಮಾನಕ್ಕೆ ಅರ್ಥವಾಗುವುದು ಅದೊಂದೇ. ಬೆಂಗಳೂರಿನ ಜಕ್ಕೂರು ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಅಲ್ಲಿನ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಏಪ್ರಿಲ್ ತಿಂಗಳ 34 ಡಿಗ್ರಿಯ ಮಧ್ಯಾಹ್ನ ಅಲ್ಲಿಂದ ಮೇಲೇಳುವ ವಿಮಾನ, ತನ್ನ ಮಟ್ಟಿಗೆ, 6,000 ಅಡಿಯಿಂದ ಮೇಲೇಳುತ್ತಿರುತ್ತದೆ. ನೆಲ ಬಿಡಲು ಬೇಕಾದ ನಿಜವೇಗ ಶೇ 9ರಷ್ಟು ಹೆಚ್ಚಿ, ಎಂಜಿನ್ನಿನ ಶಕ್ತಿ ಶೇ 20ರ ಹತ್ತಿರ ಕುಸಿದು, ಓಟದ ದೂರ ಸಮುದ್ರಮಟ್ಟದ ತಂಪಾದ ದಿನದ ಒಂದೂವರೆ ಪಟ್ಟನ್ನೂ ಮೀರುತ್ತದೆ. ಕೊಲರಾಡೊದ ಲೆಡ್‌ವಿಲ್ ನಿಲ್ದಾಣ 9,900 ಅಡಿಗೂ ಮೇಲಿದ್ದು, ಬೇಸಿಗೆಯಲ್ಲಿ 25 ಡಿಗ್ರಿ ಆದರೆ ಅಲ್ಲಿನ ಸಾಂದ್ರತೆಯ ಎತ್ತರ 13,000 ಅಡಿ ದಾಟುತ್ತದೆ. ಅಲ್ಲಿ ಇಳಿಯಲು ಬಂದ ಸಣ್ಣ ವಿಮಾನ ಮತ್ತೆ ಏಳಲು ಸಂಜೆಯ ತಂಪಿಗೆ ಕಾಯಬೇಕಾಗಬಹುದು.

ಹಾಗಾದರೆ ಟರ್ಬೊಚಾರ್ಜರ್ ಹಾಕಿಸಿಬಿಟ್ಟರೆ ಆಯಿತಲ್ಲ ಎಂಬ ಆಲೋಚನೆ ಸಹಜವಾಗಿಯೇ ಬರುತ್ತದೆ. ಆಸ್ಟ್ರಿಯಾದ ರೋಟ್ಯಾಕ್ಸ್ 915 ಎಂಜಿನ್ ತನ್ನ 141 ಅಶ್ವಶಕ್ತಿಯನ್ನು 15,000 ಅಡಿಯವರೆಗೂ ಉಳಿಸಿಕೊಳ್ಳುತ್ತದೆ ಎಂದು ತಯಾರಕರೇ ಹೇಳುತ್ತಾರೆ. ಲ್ಯಾನ್ಸೇರ್ ಐವಿ-ಪಿ ಎಂಬ ಕಿಟ್ ವಿಮಾನ ಎರಡು ಟರ್ಬೊ ಇರುವ ಎಂಜಿನ್ನನ್ನೂ ಒತ್ತಡ ಕಾಯ್ದುಕೊಳ್ಳುವ ಕ್ಯಾಬಿನನ್ನೂ ಮನೆಯ ಗ್ಯಾರೇಜಿಗೆ ತಂದಿತು. ಆದರೆ ಎತ್ತರಕ್ಕಾಗಿ ವಿನ್ಯಾಸಗೊಳ್ಳದ ವಿಮಾನಕ್ಕೆ ಟರ್ಬೊ ಕೂರಿಸುವವರು ಮರೆಯುವ ಒಂದು ಅಪಾಯವಿದೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತಿ ಮುಖ್ಯವೆನಿಸುವುದು ಅದೇ.

ಸಾಂಪ್ರದಾಯಿಕ ವೇಗಮಾಪಕದ ಮುಳ್ಳು ತೋರಿಸುವುದು ಗಾಳಿಯ ಒತ್ತಡವನ್ನು ಆಧರಿಸಿದ ಸೂಚಿತ ವೇಗ. 18,000 ಅಡಿಯಲ್ಲಿ ಮುಳ್ಳು 160 ನಾಟ್ (ಗಂಟೆಗೆ 160 ನಾಟಿಕಲ್ ಮೈಲಿ) ತೋರಿಸುತ್ತಿದ್ದರೆ ವಿಮಾನ ನಿಜಕ್ಕೂ 212 ನಾಟ್ ವೇಗದಲ್ಲಿ ಹೋಗುತ್ತಿರುತ್ತದೆ. 25,000 ಅಡಿಯಲ್ಲಿ ಅದೇ 160 ಎಂದರೆ 239 ನಾಟ್. ರೆಕ್ಕೆ ಮುರಿಯುವಂಥ ಭಾರಗಳು ಸೂಚಿತ ವೇಗವನ್ನು ಅನುಸರಿಸುತ್ತವೆ. ಫ್ಲಟರ್ ಎಂಬ ಕಂಪನ ಹಾಗಲ್ಲ: ಬಾಲದ ಅಥವಾ ರೆಕ್ಕೆಯ ಬಾಗುವಿಕೆಯೂ ಗಾಳಿಯ ಬಲವೂ ಒಂದನ್ನೊಂದು ಪೋಷಿಸಿ ಕೆಲವೇ ಕ್ಷಣಗಳಲ್ಲಿ ವಿಮಾನವನ್ನು ಚೂರಾಗಿಸಬಲ್ಲ ಈ ಕಂಪನ ಬಹಳಮಟ್ಟಿಗೆ ನಿಜವೇಗವನ್ನು ಅನುಸರಿಸುತ್ತದೆ. ಆದ್ದರಿಂದಲೇ ವ್ಯಾನ್ಸ್ ಕಂಪನಿ ತನ್ನ ವಿಮಾನಗಳು ಎಂದೂ ಮೀರಬಾರದ ವೇಗವನ್ನು ನಿಜವೇಗವೆಂದೇ ಪರಿಗಣಿಸುವಂತೆ ಎಚ್ಚರಿಸಿದೆ. ಆರ್‌ವಿ-7ರಲ್ಲಿ ಆ ಮಿತಿ ಗಂಟೆಗೆ 230 ಮೈಲಿ, ಅಂದರೆ 200 ನಾಟ್. ಮುಳ್ಳು ಮಾಮೂಲಿ ಹಾರಾಟದ ವೇಗವನ್ನು ಗುರುತಿಸುವ ಹಸಿರು ಪಟ್ಟಿಯೊಳಗೇ ನಿಶ್ಚಿಂತೆಯಾಗಿ ನಿಂತಿರುವಾಗ, 18,000 ಅಡಿಯಲ್ಲಿ ವಿಮಾನ ಆ ಮಿತಿಯನ್ನು ಆಗಲೇ ದಾಟಿರಬಹುದು. ಟರ್ಬೊ ಇಲ್ಲದ ಎಂಜಿನ್ನಿಗೆ ಅಲ್ಲಿ ಸಮತಲ ಹಾರಾಟದಲ್ಲಿ ಅಷ್ಟು ವೇಗ ಗಳಿಸುವ ಶಕ್ತಿಯೇ ಇರುವುದಿಲ್ಲ. ಅದರ ದೌರ್ಬಲ್ಯವೇ ಒಂದು ರಕ್ಷಣೆ.

ಇಷ್ಟಾದರೂ ಮಿತಿಗಳನ್ನು ತಳ್ಳಿದವರಿದ್ದಾರೆ. ಬ್ರೂಸ್ ಬೊಹಾನನ್ ಎಂಬ ಅಮೆರಿಕನ್ ಪೈಲಟ್, ಆರ್‌ವಿ-4ರ ವಿನ್ಯಾಸವನ್ನು ಆಧರಿಸಿ ಬಹಳವಾಗಿ ಬದಲಾಯಿಸಿದ ವಿಮಾನವೊಂದರಲ್ಲಿ 2003ರಲ್ಲಿ 47,000 ಅಡಿ ದಾಟಿದರು. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇ 18ಕ್ಕಿಂತ ಹೆಚ್ಚಿಲ್ಲ. 40,000 ಅಡಿಯಾಚೆ ಶುದ್ಧ ಆಮ್ಲಜನಕವನ್ನು ಸುಮ್ಮನೆ ಉಸಿರಾಡಿದರೂ ಸಾಲದು, ಅದನ್ನು ಒತ್ತಡದಿಂದ ಶ್ವಾಸಕೋಶಕ್ಕೆ ತುಂಬಬೇಕಾಗುತ್ತದೆ.

ಸಾಮಾನ್ಯ ನಿರ್ಮಾಪಕರ ಮಿತಿಯನ್ನಂತೂ ಎಂಜಿನ್ನಿಗಿಂತ ಮೊದಲೇ ಅವರ ದೇಹ ನಿರ್ಧರಿಸುತ್ತದೆ. ಒತ್ತಡ ಕಾಯ್ದುಕೊಳ್ಳದ ಕ್ಯಾಬಿನ್ನಿನಲ್ಲಿ 12,500 ಅಡಿ ಮೀರಿ ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹಾರಿದರೆ, ಮತ್ತು 14,000 ಅಡಿ ಮೀರಿದರೆ ಪೂರ್ತಿ ಸಮಯ, ಪೈಲಟ್ ಆಮ್ಲಜನಕ ಬಳಸಲೇಬೇಕೆಂದು ಅಮೆರಿಕದ ನಿಯಮ ಹೇಳುತ್ತದೆ. ಮೇಲೆ ಹೋದಂತೆ ಸಾಮಾನ್ಯವಾಗಿ ಗಾಳಿಯ ಬೀಸು ಜೋರಾಗುವುದರಿಂದ, ಸಿಲಿಂಡರ್ ಹೊತ್ತುಕೊಳ್ಳಲು ಇಷ್ಟವಿಲ್ಲದವರು ಎದುರುಗಾಳಿಯಿದ್ದಾಗ 8,000 ಅಡಿಯ ಹತ್ತಿರವೋ ಇನ್ನೂ ಕೆಳಗೋ, ಬೆನ್ನುಗಾಳಿ ಸಿಕ್ಕಾಗ 11,000 ಅಥವಾ 12,000 ಅಡಿಯಲ್ಲೋ ಹಾರುತ್ತಾರೆ.