ಸಂಡೇ ಸ್ಕೂಲ್ ಪಾಠ ಮುಂದಿನ ಭಾನುವಾರದೊಳಗೆ ಎಲ್ಲಿ ಹೋಗುತ್ತದೆ?

ಹತ್ತು ವರ್ಷ ಚರ್ಚಿನ ಸಂಡೇ ಸ್ಕೂಲಿಗೆ ಹೋದ ಹುಡುಗನನ್ನು ಕರೆದು ಬೈಬಲ್ಲಿನ ಹತ್ತು ಆಜ್ಞೆಗಳನ್ನು ಹೇಳಪ್ಪ ಅನ್ನಿ. ಐದೋ ಆರೋ ಹೇಳಿ ತಲೆ ಕೆರೆದುಕೊಳ್ಳುತ್ತಾನೆ. ಅದೇ ಹುಡುಗ ಯುಕೆಜಿಯಲ್ಲಿದ್ದಾಗ ಬೇಸಿಗೆ ರಜೆಯ ಬೈಬಲ್ ಶಿಬಿರದಲ್ಲಿ (ವಿಬಿಎಸ್) ಕಲಿತ ಆ್ಯಕ್ಷನ್ ಸಾಂಗನ್ನು ಕೈ ಕಾಲು ಆಡಿಸುತ್ತಾ ಪೂರ್ತಿ ಹಾಡುತ್ತಾನೆ. ಅವನ ನೆನಪಿನ ಶಕ್ತಿಗೆ ಏನೂ ಆಗಿಲ್ಲ. ಹಾಡನ್ನು ಅವನ ಬಾಯಿಂದ ಎಷ್ಟೋ ಸಲ ಹೇಳಿಸಿದ್ದರು, ಆಜ್ಞೆಗಳನ್ನು ಪರೀಕ್ಷೆಯ ತನಕ ಓದಿಸಿದ್ದರು, ಅಷ್ಟೇ.

ಮೊಬೈಲ್ ಬಂದು ಮಕ್ಕಳು ಹಾಳಾದರು ಅನ್ನುವ ಮಾತು ಇಲ್ಲಿ ಸುಮ್ನೆ ಒಂದು ನೆಪ. 1528ರಲ್ಲಿ ಪ್ರೊಟೆಸ್ಟೆಂಟ್ ಸುಧಾರಕ ಮಾರ್ಟಿನ್ ಲೂಥರ್ ಜರ್ಮನಿಯ ಸ್ಯಾಕ್ಸನಿ ಕಡೆಯ ಚರ್ಚುಗಳನ್ನು ನೋಡಲು ಹೋದಾಗ ಹಳ್ಳಿ ಜನರಿಗೆ ಕರ್ತನ ಪ್ರಾರ್ಥನೆಯೂ ಬರುತ್ತಿರಲಿಲ್ಲ. ಅವರೆಲ್ಲ ದೀಕ್ಷಾಸ್ನಾನ ಆದವರೇ. ಮರುವರ್ಷವೇ ಅವನು ಮನೆಮಂದಿಗಾಗಿ ಸಣ್ಣದೊಂದು ಪ್ರಶ್ನೋತ್ತರ ಪುಸ್ತಕ ತಂದ. ಒಂದೊಂದು ಆಜ್ಞೆ ಆದಮೇಲೂ ಅದೇ ಪ್ರಶ್ನೆ: ಇದರ ಅರ್ಥ ಏನು? ಆ ಪುಸ್ತಕದ ಮುನ್ನುಡಿಯನ್ನು ಇವತ್ತಿನ ಟೀಚರ್‌ಗಳು ಓದಬೇಕು. ವರ್ಷಕ್ಕೊಂದು ರೀತಿ ಮಾತು ಬದಲಿಸಬೇಡಿ, ಮಕ್ಕಳಿಗೆ ಗೊಂದಲ ಆಗುತ್ತದೆ, ಒಂದೇ ಪಠ್ಯ ಹಿಡಿದುಕೊಳ್ಳಿ ಅನ್ನುತ್ತಾನೆ. ಮೊದಲು ಮಾತು ಬಾಯಿಗೆ ಬರಲಿ, ಆಮೇಲೆ ಅರ್ಥ ಹೇಳಿ. ನಿಮ್ಮ ಊರಲ್ಲಿ ಕಳ್ಳತನ ಜಾಸ್ತಿ ಇದ್ದರೆ ಕದಿಯಬೇಡ ಅನ್ನುವ ಆಜ್ಞೆಯನ್ನೇ ಒತ್ತಿ ಕಲಿಸಿ ಅಂತಲೂ ಸೇರಿಸುತ್ತಾನೆ. ಬರೀ ಬಾಯಿಪಾಠ ಮಾಡಿಸಿದ ಅಂತ ಅವನನ್ನು ದೂರುವವರು ಈ ಭಾಗವನ್ನು ಬಿಟ್ಟೇ ಮಾತಾಡುತ್ತಾರೆ.

ಕ್ಯಾಥೊಲಿಕ್ ಕಡೆಯಲ್ಲೂ ಇದೇ ತಲೆಬಿಸಿ ಇತ್ತು. ಯೇಸುಸಭೆಯವರ (ಜೆಸ್ವಿಟ್ ಪಾದ್ರಿಗಳ) 1599ರ ಶಿಕ್ಷಣ ನಿಯಮಾವಳಿಯ ಪ್ರಕಾರ ದಿನದ ಪಾಠವನ್ನು ಮತ್ತೆ ಒಪ್ಪಿಸಬೇಕು, ಶನಿವಾರ ಇಡೀ ವಾರದ್ದನ್ನು ತಿರುವಿ ಹಾಕಬೇಕು. ಅದಕ್ಕೂ ಮೊದಲು, 1542ರಲ್ಲಿ ಗೋವಾಕ್ಕೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಬೀದಿಯಲ್ಲಿ ಗಂಟೆ ಅಲ್ಲಾಡಿಸಿ ಮಕ್ಕಳನ್ನು ಸೇರಿಸುತ್ತಿದ್ದರು. ಆಮೇಲೆ ತಮಿಳು ಕರಾವಳಿಯ ಮೀನುಗಾರರ ಊರುಗಳಲ್ಲಿ, ಪ್ರಾರ್ಥನೆ ಕಲಿತ ಮಕ್ಕಳನ್ನೇ ಕಾಯಿಲೆಯವರ ಮನೆಗಳಿಗೆ ಕಳಿಸಿ ಅಲ್ಲಿ ಪ್ರಾರ್ಥನೆ ಹೇಳಿಸಿದರು. ಕಲಿತದ್ದನ್ನು ಇನ್ನೊಬ್ಬರ ಮುಂದೆ ಹೇಳಬೇಕಾದ ಮಗು ಅಷ್ಟು ಬೇಗ ಮರೆಯುತ್ತದಾ?

ಹಾಡಿನ ದಾರಿ ಇನ್ನೂ ಗಟ್ಟಿ. ಇಂಗ್ಲೆಂಡಿನಿಂದ ಗೋವಾಕ್ಕೆ ಬಂದ ಥಾಮಸ್ ಸ್ಟೀಫನ್ಸ್ ಬೈಬಲ್ ಕಥೆಯನ್ನು ಮರಾಠಿ ಓವಿ ಪದ್ಯಗಳಲ್ಲಿ ಬರೆದ 'ಕ್ರಿಸ್ತಪುರಾಣ' 1616ರಲ್ಲಿ ಗೋವಾದ ರಾಶೋಲ್‌ನಲ್ಲಿ ಅಚ್ಚಾಯಿತು. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರು ಅದನ್ನು ಪೀಳಿಗೆಯಿಂದ ಪೀಳಿಗೆಗೆ ಹಾಡಿಕೊಂಡು ಬಂದರು. 1907ರಲ್ಲಿ ಜೋಸೆಫ್ ಸಲ್ಡಾನಾ ಮಂಗಳೂರಿನಲ್ಲಿ ಅದನ್ನು ಮತ್ತೆ ಅಚ್ಚು ಹಾಕಿಸುವಾಗ ಕೈಬರಹದ ಪ್ರತಿಗಳನ್ನೇ ಹೋಲಿಸಿ ನೋಡಬೇಕಾಯಿತು. ಅಚ್ಚಿನ ಹಳೇ ಪ್ರತಿ ಕೈಗೆ ಸಿಗದಿದ್ದರೂ ಕಾವ್ಯ ಕಳೆದುಹೋಗಿರಲಿಲ್ಲ. ಬಾಸೆಲ್ ಮಿಷನ್ನಿನ ಕಿಟ್ಟೆಲ್ ಕೂಡ 1862ರಲ್ಲೇ ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲಿ 'ಕಥಾಮಾಲೆ' ಅಂತ ಬರೆದರು. ನಾವು ಅವರನ್ನು ನಿಘಂಟಿಗಷ್ಟೇ ನೆನೆಸಿಕೊಳ್ಳುತ್ತೇವೆ.

ಹಾಗಾದರೆ ಎಡವಿದ್ದು ಎಲ್ಲಿ? ನನ್ನ ಪ್ರಕಾರ ಗಡಿಯಾರದಲ್ಲಿ ಮತ್ತು ಕ್ಯಾಲೆಂಡರಿನಲ್ಲಿ. 1780ರಲ್ಲಿ ಇಂಗ್ಲೆಂಡಿನ ಗ್ಲೌಸ್ಟರ್‌ನಲ್ಲಿ ರಾಬರ್ಟ್ ರೈಕ್ಸ್ ಶುರು ಮಾಡಿದ ಸಂಡೇ ಸ್ಕೂಲ್, ವಾರವೆಲ್ಲ ದುಡಿಯುವ ಬಡ ಮಕ್ಕಳಿಗೆ ಓದು ಕಲಿಸುವ ಶಾಲೆ. ಬೈಬಲ್ಲೇ ಅವರ ಓದುವ ಪುಸ್ತಕ. ಮುಂದೆ ಓದು ಬರಹ ವಾರದ ಶಾಲೆಗಳಿಗೆ ಹೋಯಿತು, ಸಂಡೇ ಸ್ಕೂಲಿಗೆ ಉಳಿದದ್ದು ವಾರಕ್ಕೊಂದು ಸಣ್ಣ ಧರ್ಮಪಾಠ. ಅಮೆರಿಕದಲ್ಲಿ 19ನೇ ಶತಮಾನದ ಮೊದಲಲ್ಲಿ ಬೈಬಲ್ ವಚನ ಬಾಯಿಪಾಠ ಮಾಡಿದವರಿಗೆ ಬಣ್ಣದ ಟಿಕೆಟ್ ಕೊಡುತ್ತಿದ್ದರು. ಮಕ್ಕಳು ಟಿಕೆಟ್‌ಗಾಗಿ ರಾಶಿ ರಾಶಿ ವಚನ ಒಪ್ಪಿಸಿದರು, ಅರ್ಥ ಯಾರಿಗೆ ಬೇಕಿತ್ತು! ಅದನ್ನು ಸರಿಮಾಡಲು ವಾರಕ್ಕೆ ಇಷ್ಟೇ ವಚನ ಅಂತ ಗೊತ್ತುಮಾಡಿದರು. ಕೊನೆಗೆ 1872ರಲ್ಲಿ ಇಂಡಿಯಾನಾಪೊಲಿಸ್ ಸಮಾವೇಶದಲ್ಲಿ ಎಲ್ಲ ವಯಸ್ಸಿನವರಿಗೂ ಒಂದೇ ಪಾಠ, ಏಳು ವರ್ಷದಲ್ಲಿ ಇಡೀ ಬೈಬಲ್ ಅನ್ನುವ ಪಟ್ಟಿ ಒಪ್ಪಿಗೆಯಾಯಿತು. ಕಾಗದದ ಮೇಲೆ ಚೆಂದ. ಆದರೆ ಎಂಟನೇ ವಯಸ್ಸಿನಲ್ಲಿ ಯೋಸೇಫನ ಕಥೆ ಕೇಳಿದ ಮಗುವಿಗೆ ಆ ಪಾಠ ಮತ್ತೆ ಬರುವಾಗ ಹದಿನೈದು ಆಗಿರುತ್ತದೆ. ಇವತ್ತು ಪಟ್ಟಿಗಳು ಬದಲಾಗಿವೆ, ಮುಗಿಸುವ ಅವಸರ ಮಾತ್ರ ಹಾಗೇ ಇದೆ.

ಈ ಅವಸರ ಎಷ್ಟು ದುಬಾರಿ ಅನ್ನುವ ಲೆಕ್ಕವನ್ನು 1885ರಲ್ಲಿ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ಕೊಟ್ಟರು. ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಕಲಿತು, ಬೇರೆ ಬೇರೆ ಅಂತರದಲ್ಲಿ ಮತ್ತೆ ಕಲಿತು, ಎಷ್ಟು ಶ್ರಮ ಉಳಿಯಿತು ಅಂತ ಅಳೆದರು. ಒಂದು ದಿನದ ಹೊತ್ತಿಗೆ ಉಳಿದದ್ದು ಸುಮಾರು ಮೂರರಲ್ಲೊಂದು ಪಾಲು, ಆರು ದಿನ ಕಳೆದಾಗ ಕಾಲು ಭಾಗ. ಭಾನುವಾರದಿಂದ ಭಾನುವಾರಕ್ಕೆ ಅಂದುಕೊಳ್ಳಿ. ಅರ್ಥವಿರುವ ಪದ್ಯ ಕಲಿಯುವುದು ಅವರಿಗೆ ಎಷ್ಟೋ ಸುಲಭವಾಗಿತ್ತು ಅನ್ನುವುದೂ ನಿಜ. ಹಾಗಾಗಿ ಲೂಥರ್ ಕೇಳಿಸಿದ 'ಅರ್ಥ ಏನು' ಅನ್ನುವ ಪ್ರಶ್ನೆ ನೆನಪಿಗೂ ಬೇಕಾದದ್ದೇ.

2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಅಮೆರಿಕದ ಇಬ್ಬರು ಸಂಶೋಧಕರು ವಿದ್ಯಾರ್ಥಿಗಳಿಗೆ ಗದ್ಯದ ತುಣುಕು ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು, ಉಳಿದವರು ಹಾಳೆ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ವಾರ ಕಳೆದ ಮೇಲೆ ಮತ್ತೆ ಓದಿದವರಿಗೆ ಶೇ. 42, ಮುಚ್ಚಿ ಬರೆದವರಿಗೆ ಶೇ. 56 ನೆನಪಿತ್ತು. ಪರೀಕ್ಷೆಯ ಹಿಂದಿನ ರಾತ್ರಿ ಓದಿದ್ದು ಯಾಕೆ ಬೆಳಗ್ಗೆಗೆ ಸಾಕಾಗಿ ಆಮೇಲೆ ಮಾಯವಾಗುತ್ತದೆ ಅಂತ ಇದರಿಂದ ಗೊತ್ತಾಗುತ್ತದೆ, ಅಲ್ವಾ?

ಇದನ್ನು ತರಗತಿಗೆ ತರಲು ದುಡ್ಡು ಬೇಡ. ಪಾಠ ಶುರುವಾಗುವ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ, ಹೋದ ವಾರದ್ದೊಂದು, ಹೋದ ತಿಂಗಳದ್ದೊಂದು, ಕ್ರಿಸ್ಮಸ್ ಸಮಯದ್ದೊಂದು ಪ್ರಶ್ನೆ ಕೇಳಿ. ಮಾರ್ಕ್ಸ್ ಬೇಡ, ತಪ್ಪಿದರೆ ಅಲ್ಲೇ ತಿದ್ದಿ. ದೊಡ್ಡ ಮಕ್ಕಳು ತಿಂಗಳಿಗೊಮ್ಮೆ ಚಿಕ್ಕವರಿಗೆ ಕಥೆ ಹೇಳಲಿ. ಟೀಚರ್‌ಗಳ ತಕರಾರು ನನಗೂ ಗೊತ್ತು: ಹೀಗೆ ಹಿಂದಕ್ಕೆ ಹೋಗುತ್ತಾ ಇದ್ದರೆ ಪರೀಕ್ಷೆಯೊಳಗೆ ಪೋರ್ಷನ್ ಮುಗಿಯುವುದಿಲ್ಲ. ನಿಜ, ಮುಗಿಯುವುದಿಲ್ಲ. ಹಾಗಾಗಿ ಮೊದಲು ಕುಳಿತು ಮಾತಾಡಬೇಕಾದವರು ಸಿಲಬಸ್ ಮಾಡುವವರು. ವರ್ಷದ ಪಟ್ಟಿಯಲ್ಲಿ ಹತ್ತು ಪಾಠ ಕಡಿಮೆ ಮಾಡಿ, ಆ ಹತ್ತು ಭಾನುವಾರಗಳನ್ನು ಹಳೇ ಪಾಠಗಳಿಗೇ ಬಿಡಲಿ.