ಮುಚ್ಚಿದ ಕಾರ್ಖಾನೆಯನ್ನು ಕಲಾಕೇಂದ್ರ ಮಾಡಿದರೆ ಖರ್ಚು ಉಳಿಯುತ್ತದೆಯೇ?

ಓದುಗರ ಪ್ರಶ್ನೆ: ಪಾಳುಬಿದ್ದ ಕಾರ್ಖಾನೆಯನ್ನು ಎಲ್ಲರೂ ಬಳಸುವ ಕಲೆ, ಕರಕುಶಲ ಕೇಂದ್ರ ಮಾಡಬಹುದೇ? ಹೊಸದಾಗಿ ಕಟ್ಟುವುದಕ್ಕಿಂತ ಅದು ಅಗ್ಗವೇ?

ಖಂಡಿತ ಮಾಡಬಹುದು. ಅಗ್ಗ ಅಂತ ಮಾತ್ರ ಕಣ್ಣುಮುಚ್ಚಿ ಹೇಳಲಾರೆ. ಗೋಡೆ, ಕಂಬ, ಚಾವಣಿ ಗಟ್ಟಿಯಾಗಿದ್ದರೆ ಅಷ್ಟು ಹಣ ಉಳಿಯಿತು. ಆದರೆ ಹಳೆಯ ಶೀಟಿನಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರಬಹುದು, ಬಣ್ಣದಲ್ಲಿ ಸೀಸ ಇರಬಹುದು, ನೆಲದಡಿ ವರ್ಷಗಟ್ಟಲೆ ಇಳಿದ ಎಣ್ಣೆ, ರಾಸಾಯನಿಕ ಇರಬಹುದು. ಅದನ್ನು ತೆಗೆಸುವ ಖರ್ಚಿಗೆ ಇಡೀ ಲೆಕ್ಕವೇ ತಲೆಕೆಳಗಾಗುತ್ತದೆ. ಮಣ್ಣಿನ ಪರೀಕ್ಷೆಗೆ ಮುಂಚೆಯೇ ಗೋಡೆಗೆ ಚಿತ್ರ ಬರೆಯಲು ಹೊರಡುವವರನ್ನು ಕಂಡರೆ ನನಗೆ ದಿಗಿಲು!

ಕೈಕೆಲಸಕ್ಕೆ ಈ ಕಟ್ಟಡಗಳು ಹೊಂದುವುದಂತೂ ನಿಜ. ದೊಡ್ಡ ಯಂತ್ರಗಳನ್ನು ಹೊತ್ತ ನೆಲಕ್ಕೆ ಮಗ್ಗ, ಮಡಕೆ ಸುಡುವ ಗೂಡು, ಮರ ಕೊಯ್ಯುವ ಯಂತ್ರ ಭಾರವಲ್ಲ. ಗರಗಸದ ಹಲ್ಲಿನಂಥ ಚಾವಣಿಯಿದ್ದರೆ ಇನ್ನೂ ಚೆನ್ನ. ಬೀಜಿಂಗಿನ ಹಳೆಯ ಕಾರ್ಖಾನೆಗಳಲ್ಲಿ ಬೆಳೆದ ‘798’ ಎಂಬ ಕಲಾವಲಯದಲ್ಲಿ ಅಂಥದ್ದಿದೆ. ಅದರ ಗಾಜು ಉತ್ತರಕ್ಕೆ ಮುಖ ಮಾಡಿರುವುದರಿಂದ ನೇರ ಬಿಸಿಲು ಬೀಳದೆ ದಿನವಿಡೀ ಒಂದೇ ಹದದ ಬೆಳಕು ಸಿಗುತ್ತದೆ.

ನನ್ನನ್ನು ಕೇಳಿದರೆ ಮೊದಲು ನೋಡಬೇಕಾದದ್ದು ಬ್ರೆಜಿಲ್‌ನ ಸಾವೊ ಪಾಲೊದಲ್ಲಿರುವ ಸೆಸ್ಕ್ ಪೊಂಪೇಯ ಎಂಬ ಕಲೆ, ಆಟೋಟಗಳ ಕೇಂದ್ರ. ಅದು ಮೊದಲು ಉಕ್ಕಿನ ಪೀಪಾಯಿ ತಯಾರಿಸುವ ಕಾರ್ಖಾನೆಯಾಗಿತ್ತು. ವಾಸ್ತುಶಿಲ್ಪಿ ಲೀನಾ ಬೊ ಬಾರ್ದಿ ನೋಡಲು ಹೋದಾಗ ಮಕ್ಕಳು, ಮನೆಮಂದಿ ಆಗಲೇ ಅಲ್ಲಿ ಸೇರಿ ಆಡುತ್ತಿದ್ದರು. ಈ ಗಲಾಟೆಯನ್ನು ಓಡಿಸದೆ ಉಳಿಸಿಕೊಳ್ಳುವುದೇ ಅವರ ಯೋಜನೆಯಾಯಿತು. 1982ರಲ್ಲಿ ಬಾಗಿಲು ತೆರೆದಾಗ ಹಳೆಯ ಶೆಡ್‌ಗಳು ಹಾಗೇ ಇದ್ದವು. ಒಳಗೆ ಗ್ರಂಥಾಲಯ, ರಂಗಮಂದಿರ, ಕಾರ್ಯಾಗಾರಗಳು ಬಂದಿದ್ದವು. ಶೆಡ್‌ಗೆ ಹೊಂದದ ಆಟದ ಅಂಕಣಗಳನ್ನು ಮಾತ್ರ ಪಕ್ಕದಲ್ಲಿ ಬೇರೆ ಗೋಪುರ ಕಟ್ಟಿ ಅಲ್ಲಿಟ್ಟರು. ಎಲ್ಲವನ್ನೂ ಹಳೆಯ ಕಟ್ಟಡದೊಳಗೇ ತುರುಕುವ ಹಠ ಬೇಡ, ಅಲ್ವಾ?

ಹಾಗಾಗಿ ಒಂದು ಶೆಡ್ಡಿನಿಂದ ಶುರುಮಾಡಿ. ಬಳಸುವವರು ಬರಲಿ, ಅವರಿಗೇನು ಬೇಕೋ ತಿಳಿಯಲಿ. ಶೌಚಾಲಯ, ತುರ್ತು ಬಾಗಿಲು, ಹೊಗೆ ಹೋಗುವ ದಾರಿ ಮೊದಲ ದಿನದಿಂದಲೇ ಇರಬೇಕು.

ಉದ್ಘಾಟನೆಗೆ ಹಣ ಸಿಗುತ್ತದೆ, ಆಮೇಲಿನ ಕರೆಂಟ್ ಬಿಲ್ಲಿಗೆ ಸಿಗುವುದಿಲ್ಲ. ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ಈಗ ಕಲಾಕೇಂದ್ರವಾಗಿರುವ ನೋಕಿಯಾದ ಹಳೆಯ ಕೇಬಲ್ ಕಾರ್ಖಾನೆಯನ್ನು 1991ರಿಂದ ನಗರಾಡಳಿತದ ಕಂಪನಿಯೊಂದು ನೋಡಿಕೊಳ್ಳುತ್ತಿದೆ. ಕಲಾವಿದರು, ಸಂಸ್ಥೆಗಳು ಕೊಡುವ ಬಾಡಿಗೆಯಿಂದಲೇ ಅದು ನಡೆಯುತ್ತದೆ. ನೀವೂ ಬಾಡಿಗೆಯ ಲೆಕ್ಕ ಹಾಕಿ, ಗುತ್ತಿಗೆಯ ಅವಧಿ ನೋಡಿ. ಕೇಂದ್ರ ಹೆಸರು ಮಾಡಿದರೆ ಸುತ್ತಲಿನ ಜಾಗದ ಬೆಲೆ ಏರುತ್ತದೆ, ಮಾಲೀಕರ ಮನಸ್ಸೂ ಬದಲಾಗುತ್ತದೆ. ಮೂರು ವರ್ಷದ ಗುತ್ತಿಗೆ ನಂಬಿ ಚಾವಣಿಗೆ ಹಣ ಸುರಿಯಬೇಡಿ.