ಈಚಿನ ಸಂಶೋಧನೆಗಳಲ್ಲಿ ಯಾವುದು ದೊಡ್ಡದು? ನನ್ನ ಓಟು ಮೊಸರಿನ ಬ್ಯಾಕ್ಟೀರಿಯಾಕ್ಕೆ

ಪ್ರಶ್ನೆ: ಈಚಿನ ಹದಿನೈದು-ಇಪ್ಪತ್ತು ವರ್ಷಗಳ ವಿಜ್ಞಾನದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಸಂಶೋಧನೆ ಯಾವುದು?

ಇದನ್ನು ಕೇಳಿದ ತಕ್ಷಣ ಜಾಸ್ತಿ ಜನ ಹೇಳುವುದು ಗುರುತ್ವದ ಅಲೆ. 130 ಕೋಟಿ ವರ್ಷಗಳಷ್ಟು ಹಿಂದೆ ಎರಡು ಕಪ್ಪುಕುಳಿಗಳು ಸೇರಿಕೊಂಡಾಗ ಎದ್ದ ಅಲೆ, 2015ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯಕ್ಕೆ ಸಿಕ್ಕಿತು. ಮೈ ಜುಮ್ಮೆನ್ನುತ್ತದೆ, ನಿಜ. ಆದರೆ ಅದು ಐನ್‌ಸ್ಟೈನ್ 1916ರಲ್ಲೇ ಹೇಳಿಟ್ಟ ಮಾತಿಗೆ ಸಿಕ್ಕ ಸಾಕ್ಷಿ.

ಯಾರೂ ಊಹಿಸಿರದೇ ಇದ್ದದ್ದು ಕ್ರಿಸ್ಪರ್, ಅಂದರೆ ಡಿಎನ್‌ಎಯನ್ನು ಬೇಕಾದ ಕಡೆ ಕತ್ತರಿಸುವ ವಿಧಾನ.

ಇದರ ಕಥೆ ಶುರುವಾಗುವುದು ದೊಡ್ಡ ಆಸ್ಪತ್ರೆಯಲ್ಲಲ್ಲ. ಸ್ಪೇನಿನ ಉಪ್ಪಿನ ಗದ್ದೆಯ ಸೂಕ್ಷ್ಮಜೀವಿಯ ಡಿಎನ್‌ಎಯಲ್ಲಿ ಒಂದೇ ತುಣುಕು ಮತ್ತೆ ಮತ್ತೆ ಬರುವುದನ್ನು ಫ್ರಾನ್ಸಿಸ್ಕೊ ಮೊಹಿಕಾ 1993ರಲ್ಲಿ ಬರೆದರು. ಅದು ಯಾಕಿದೆ ಅಂತ ಆಗ ಗೊತ್ತಿರಲಿಲ್ಲ. ಪ್ರಯೋಗದಲ್ಲಿ ಉತ್ತರ ಸಿಕ್ಕಿದ್ದು 2007ರಲ್ಲಿ, ಮೊಸರು-ಚೀಸ್‌ಗೆ ಹೆಪ್ಪು ತಯಾರಿಸುವ ಡ್ಯಾನಿಸ್ಕೊ ಕಂಪನಿಯ ವಿಜ್ಞಾನಿಗಳಿಗೆ. ಡೈರಿಯವರ ಹಳೇ ತಲೆನೋವು ಅಂದರೆ ವೈರಸ್: ಅದು ಹೊಕ್ಕರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತದೆ, ಹಾಲು ಹಾಲಾಗಿಯೇ ಉಳಿಯುತ್ತದೆ. ಕೆಲವು ಬ್ಯಾಕ್ಟೀರಿಯಾ ಮಾತ್ರ ಸಾಯಲಿಲ್ಲ. ನೋಡಿದರೆ, ಅವು ವೈರಸ್ಸಿನ ಡಿಎನ್‌ಎಯ ಚೂರೊಂದನ್ನು ತಮ್ಮ ಡಿಎನ್‌ಎಯೊಳಗೇ, ಆ ಮತ್ತೆ ಮತ್ತೆ ಬರುವ ತುಣುಕುಗಳ ನಡುವೆ ಇಟ್ಟುಕೊಂಡಿದ್ದವು, ಪೊಲೀಸ್ ಠಾಣೆಯಲ್ಲಿ ಕಳ್ಳನ ಫೋಟೊ ಅಂಟಿಸಿದ ಹಾಗೆ. ಮುಂದಿನ ಸಲ ಅದೇ ವೈರಸ್ ಬಂದರೆ ಗುರುತು ಹಿಡಿದು ಕತ್ತರಿಸುವುದೇ.

2012ರಲ್ಲಿ ಎಮ್ಯಾನುಯೆಲ್ ಶಾರ್ಪಾಂಟಿಯೆ ಮತ್ತು ಜೆನಿಫರ್ ಡೌಡ್ನ ಆ ಫೋಟೊ ಬದಲಾಯಿಸಬಹುದು ಅಂತ ತೋರಿಸಿದರು. ನಮಗೆ ಬೇಕಾದ ಜೀನಿನ ಗುರುತು ಕೊಟ್ಟರೆ ಕತ್ತರಿ ಅಲ್ಲಿಗೇ ಹೋಗುತ್ತದೆ! 2020ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಉಪಯೋಗ ಏನಾಯಿತು ಅಂತೀರಾ? ಸಿಕಲ್ ಸೆಲ್ ಕಾಯಿಲೆಯಲ್ಲಿ ಕೆಂಪು ರಕ್ತಕಣ ಕುಡುಗೋಲಿನ ಹಾಗೆ ಬಾಗಿ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ, ವಿಪರೀತ ನೋವು. ಆದರೆ ಹೊಟ್ಟೆಯಲ್ಲಿರುವ ಮಗುವಿಗೆ ಬೇರೆ ಥರದ ಹಿಮೋಗ್ಲೋಬಿನ್ ಇರುತ್ತದೆ, ಹುಟ್ಟಿದ ಕೆಲವು ತಿಂಗಳಲ್ಲಿ ಅದು ಹೆಚ್ಚುಕಮ್ಮಿ ನಿಂತೇ ಹೋಗುತ್ತದೆ. ಕ್ಯಾಸ್‌ಜೆವಿ ಅನ್ನುವ ಚಿಕಿತ್ಸೆಯಲ್ಲಿ, ರೋಗಿಯದೇ ರಕ್ತ ಹುಟ್ಟಿಸುವ ಕಣಗಳನ್ನು ಹೊರಗೆ ತೆಗೆದು, ಆ ಹಿಮೋಗ್ಲೋಬಿನ್ ನಿಲ್ಲಿಸುವ ಜೀನಿಗೆ ಕತ್ತರಿ ಹಾಕಿ, ವಾಪಸ್ ಸೇರಿಸುತ್ತಾರೆ. ಆ ಹಳೇ ಹಿಮೋಗ್ಲೋಬಿನ್ ಮತ್ತೆ ಶುರು, ಅದಿದ್ದರೆ ರಕ್ತಕಣ ಬಾಗುವುದು ತಪ್ಪುತ್ತದೆ. ಬ್ರಿಟನ್ 2023ರ ನವೆಂಬರ್‌ನಲ್ಲಿ ಒಪ್ಪಿಗೆ ಕೊಟ್ಟಿತು, ಜಗತ್ತಿನಲ್ಲೇ ಮೊದಲು.

ಅಮೆರಿಕದಲ್ಲಿ 2023ರಲ್ಲಿ ಇದರ ರೇಟು 22 ಲಕ್ಷ ಡಾಲರ್ ಇತ್ತು, ಅಂದರೆ ಆಗಿನ ಲೆಕ್ಕದಲ್ಲೇ 18 ಕೋಟಿ ರೂಪಾಯಿ. ಚಾಮರಾಜನಗರದ ಸೋಲಿಗರಲ್ಲೂ ಈ ಕಾಯಿಲೆ ಇದೆ. ಅವರಿಗೆ ಸದ್ಯಕ್ಕೆ ಹೈಡ್ರಾಕ್ಸಿಯೂರಿಯಾ ಮಾತ್ರೆಯೇ ಗತಿ.